ಗಾಳಿಗೆ ದಾರಿ ಕೊಡುವುದು ಹೇಗೆ? ಮಾಮೂಲಿ ಕಾರನ್ನು ರೇಸಿಗಿಳಿಸುವವರ ಪ್ರಶ್ನೆಗಳಿಗೆ ಉತ್ತರ

ಷೋರೂಮಿನಿಂದ ಬಂದ ಕಾರನ್ನೇ ತಯಾರು ಮಾಡಿಕೊಂಡು ರೇಸಿಗಿಳಿಸುವ ಓದುಗರು ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಬರೆದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಎಲ್ಲರ ಪ್ರಶ್ನೆಯೂ ಗಾಳಿಯದೇ. ಉತ್ತರಗಳಲ್ಲಿ ಬರುವ ಲೆಕ್ಕಕ್ಕೆಲ್ಲ ಒಂದೇ ಆಧಾರ ಇಟ್ಟುಕೊಂಡಿದ್ದೇವೆ. ಬಳ್ಳಾರಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. 40 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.07 ಕೆ.ಜಿ. ಪುಸ್ತಕಗಳಲ್ಲಿ ಕಾಣುವ 1.225 ಎಂಬ ಅಂಕಿ ಸಮುದ್ರಮಟ್ಟದ, 15 ಡಿಗ್ರಿಯ ಗಾಳಿಯದು. ಅದನ್ನು ನಮ್ಮ ಕಡೆ ಹಾಗೇ ಬಳಸಿದರೆ ಲೆಕ್ಕ ತಪ್ಪುತ್ತದೆ. ಕಾರು ಅಂದಾಗ ಸಿಡಿ 0.33, ಎದುರಿನಿಂದ ಕಾಣುವ ವಿಸ್ತೀರ್ಣ 2.1 ಚದರ ಮೀಟರ್ ಇರುವ ಸಾಧಾರಣ ಹ್ಯಾಚ್‌ಬ್ಯಾಕ್ ಅಂದುಕೊಳ್ಳಿ. ಸಿಡಿ ಅಂದರೆ ಕಾರಿನ ಆಕಾರ ಗಾಳಿಗೆ ಎಷ್ಟು ಅಡ್ಡ ಬರುತ್ತದೆ ಎಂದು ಹೇಳುವ ಸಂಖ್ಯೆ. ಕಡಿಮೆ ಇದ್ದಷ್ಟೂ ಒಳ್ಳೆಯದು.

ಪ್ರಶ್ನೆ: ಹಳೇ ಮಾರುತಿ 800 ಒಂದನ್ನ ಮಣ್ಣಿನ ಆಟೋಕ್ರಾಸ್‌ಗೆ ತಯಾರು ಮಾಡಾಕತ್ತೀವಿ. ಹಿಂದ ದೊಡ್ಡದೊಂದು ವಿಂಗ್ ಹಾಕಿಸಿದ್ರ ತಿರುವಿನ್ಯಾಗ ಹಿಡಿತ ಹೆಚ್ಚಾಗ್ತೈತೇನ್ರಿ?
– ಸಿಂಧನೂರಿನ ಓದುಗರು

ಉತ್ತರ: ಬೇಡ. ವಿಂಗ್ ಅಂದರೆ ವಿಮಾನದ ರೆಕ್ಕೆಯನ್ನು ಮಗುಚಿಟ್ಟಂತೆ ಇದ್ದು, ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತುವ ಹಲಗೆ. ಗುರುತು ಮಾಡಿದ ಗಿಡ್ಡ ಹಾದಿಯಲ್ಲಿ ಸಮಯದ ವಿರುದ್ಧ ಓಡುವ ಮಣ್ಣಿನ ಆಟೋಕ್ರಾಸ್‌ನ ತಿರುವುಗಳಲ್ಲಿ ವೇಗ 50 ಕಿ.ಮೀ. ಸುತ್ತಮುತ್ತಲೇ ಇರುತ್ತದೆ. 1.2 ಮೀಟರ್ ಉದ್ದ, 25 ಸೆಂ.ಮೀ. ಅಗಲದ ಒಳ್ಳೆಯ ವಿಂಗ್ ಕೂಡ ಆ ವೇಗದಲ್ಲಿ ಕೊಡುವ ಒತ್ತಡ ಮೂರು ಕೆ.ಜಿ. ಅಷ್ಟೆ. ಕಾಲು, ಪ್ಲೇಟು, ಬೋಲ್ಟು ಸೇರಿ ಆ ವಿಂಗೇ ಐದಾರು ಕೆ.ಜಿ. ತೂಗುತ್ತದೆ. ಅಷ್ಟು ಭಾರವನ್ನು ಅಷ್ಟು ಎತ್ತರದಲ್ಲಿ, ಅದೂ ಹಿಂದಿನ ಚಕ್ರದ ಆಚೆ ಹೊತ್ತುಕೊಂಡು ತಿರುಗಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಗಾಳಿಯ ತಡೆಯ ಲೆಕ್ಕವೂ ನೋಡಿ. 60 ಕಿ.ಮೀ. ವೇಗದಲ್ಲಿ ಗಾಳಿಯನ್ನು ಸೀಳಲು ಎಂಜಿನ್ ಖರ್ಚು ಮಾಡುವುದು ಸುಮಾರು 2.3 ಅಶ್ವಶಕ್ತಿ. 100ಕ್ಕೆ ಅದು 11 ಆಗುತ್ತದೆ, 140ಕ್ಕೆ 30. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು, ಅದಕ್ಕೆ ಬೇಕಾದ ಶಕ್ತಿ ಎಂಟು ಪಟ್ಟು. ಹಾಗಾಗಿ 80ರ ಕೆಳಗೆ ಓಡುವ ಕಾರಿಗೆ ಗಾಳಿಯ ಕೆಲಸದಿಂದ ಸಿಗುವುದು ತೀರಾ ಕಮ್ಮಿ. ನಿಮ್ಮ ವರ್ಗದ ನಿಯಮ ಒಪ್ಪುವುದಾದರೆ ಹಿಂದಿನ ಸೀಟು, ಸ್ಟೆಪ್ನಿ, ಬಾಗಿಲಿನ ಒಳಪ್ಯಾಡು ತೆಗೆಯಿರಿ. ವಿಂಗಿಗೆ ಇಟ್ಟ ದುಡ್ಡನ್ನು ಟೈರಿಗೆ ಹಾಕಿ.

ಪ್ರಶ್ನೆ: ಬಂಪರ್ ಕೆಳಗೆ ರಬ್ಬರ್ ಪಟ್ಟಿ, ಹಿಂದೆ ಸ್ಪಾಯ್ಲರ್ (ಹಿಂದಿನ ಅಂಚಿಗೆ ಎದ್ದು ನಿಲ್ಲುವ ಪಟ್ಟಿ) ಹಾಕಿದ್ದೇವೆ. ಕಾರು ಮೊದಲಿಗಿಂತ ಚೆನ್ನಾಗಿ ಓಡುತ್ತದೆ ಅನ್ನಿಸುತ್ತದೆ. ಆದರೆ ಅನ್ನಿಸುವುದಕ್ಕೂ ನಿಜಕ್ಕೂ ವ್ಯತ್ಯಾಸ ಇರಬಹುದಲ್ಲ? ವಿಂಡ್ ಟನಲ್ (ಕಾರಿನ ಮೇಲೆ ಗಾಳಿ ಬಿಟ್ಟು ಪರೀಕ್ಷಿಸುವ ಸುರಂಗ) ಇಲ್ಲದೆ ಅಳೆಯುವುದು ಹೇಗೆ?
– ಬಳ್ಳಾರಿಯ ಓದುಗರು

ಉತ್ತರ: ಈ ಕಂತಿನಲ್ಲಿ ನಮಗೆ ಬಹಳ ಹಿಡಿಸಿದ ಪ್ರಶ್ನೆ ಇದು. ಅಳೆಯದೆ ಮಾಡಿದ ಗಾಳಿಯ ಕೆಲಸ ಹೆಚ್ಚಿನ ಸಲ ಬರೀ ಅಲಂಕಾರವಾಗಿ ಉಳಿಯುತ್ತದೆ. ಅಳೆಯಲು ಮೂರು ಸಾಮಾನು ಸಾಕು: ಗಡಿಯಾರ, ಉಲನ್ ದಾರ, ಗೌಂಡಿಗಳು ಮಟ್ಟ ನೋಡುವ ಲೆವೆಲ್ ಪೈಪು.

ಮೊದಲು ಗಡಿಯಾರ. ವಾಹನ ಓಡಾಡದ, ಅನುಮತಿ ಇರುವ, ಮಟ್ಟಸವಾದ ಒಂದೂವರೆ ಕಿ.ಮೀ. ನೇರ ರಸ್ತೆ ಬೇಕು. ಅದಿರು ಲಾರಿ ಓಡುವ ಹೆದ್ದಾರಿಯಲ್ಲಿ ಇದನ್ನು ಮಾಡಲೇಬಾರದು. ಕಾರನ್ನು 105ಕ್ಕೆ ಏರಿಸಿ ನ್ಯೂಟ್ರಲ್‌ಗೆ ತಂದು ಬಿಡಿ. ಮುಳ್ಳು 100ರಿಂದ 60ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ಎಂದು ಪಕ್ಕದಲ್ಲಿ ಕೂತವರು ಬರೆದುಕೊಳ್ಳಲಿ. ಸ್ಪೀಡೋಮೀಟರಿಗಿಂತ ಜಿಪಿಎಸ್ ವೇಗ ನಂಬಬಹುದು. ಚಾಲಕ ಸೇರಿ 950 ಕೆ.ಜಿ. ಇರುವ ಕಾರು ಇದಕ್ಕೆ 30ರಿಂದ 35 ಸೆಕೆಂಡ್ ತೆಗೆದುಕೊಳ್ಳುತ್ತದೆ. ಗಾಳಿಯ ತಡೆ ನೂರಕ್ಕೆ 10ರಷ್ಟು ಇಳಿದರೆ ಈ ಸಮಯ ಹೆಚ್ಚುವುದು ಬರೀ ಎರಡು ಸೆಕೆಂಡ್. ಎರಡು ಸೆಕೆಂಡಿನ ವ್ಯತ್ಯಾಸ ಹಿಡಿಯಬೇಕಾದರೆ ಉಳಿದದ್ದೆಲ್ಲ ಕದಲದೆ ಇರಬೇಕು. ಟೈರು ಬಿಸಿಯಾದ ಮೇಲೆ ಒತ್ತಡ ಒಂದೇ ಇರಲಿ. ಕಿಟಕಿ ಮುಚ್ಚಿರಲಿ. ಪೆಟ್ರೋಲ್ ಮಟ್ಟ, ಒಳಗೆ ಕೂತ ಜನ ಬದಲಾಗದಿರಲಿ. ಹೋಗುತ್ತಾ ಮೂರು ಸಲ, ಬರುತ್ತಾ ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಮೊದಲು ಸ್ಪಾಯ್ಲರ್ ಇಲ್ಲದೆ, ಆಮೇಲೆ ಸ್ಪಾಯ್ಲರ್ ಹಾಕಿ, ಮತ್ತೆ ತೆಗೆದು ಅಳೆಯಿರಿ. ಮೊದಲ ಮತ್ತು ಮೂರನೇ ಅಂಕಿ ಒಂದಕ್ಕೊಂದು ಕೂಡಿ ಬರದಿದ್ದರೆ ಆ ದಿನದ ಕೆಲಸ ಬಿಟ್ಟುಬಿಡಿ. ನಡುವೆ ಗಾಳಿಯೋ ಬಿಸಿಲೋ ಬದಲಾಗಿದೆ ಎಂದರ್ಥ.

ಆಷಾಢದ ಗಾಳಿಯಲ್ಲಂತೂ ಇದಕ್ಕೆ ಕೈಹಾಕಬೇಡಿ. 15 ಕಿ.ಮೀ. ಎದುರುಗಾಳಿ ಇದ್ದರೆ 100ರಲ್ಲಿ ಓಡುವ ಕಾರಿಗೆ ತಡೆ ನೂರಕ್ಕೆ 32ರಷ್ಟು ಹೆಚ್ಚುತ್ತದೆ, ಬೆನ್ನಗಾಳಿಯಾದರೆ 28ರಷ್ಟು ಇಳಿಯುತ್ತದೆ. ನೀವು ಹುಡುಕುತ್ತಿರುವ 10 ಅದರೊಳಗೆ ಎಲ್ಲೋ ಕಳೆದುಹೋಗುತ್ತದೆ. ಬೆಳಕು ಹರಿಯುವ ಹೊತ್ತು, ಬೇವಿನ ಎಲೆಯೂ ಅಲುಗದ ಹೊತ್ತೇ ಸರಿ.

ಇನ್ನು ದಾರ. ಕಾರಿನ ಬಣ್ಣಕ್ಕೆ ಎದ್ದು ಕಾಣುವ ಉಲನ್ ದಾರವನ್ನು 8 ಸೆಂ.ಮೀ. ತುಂಡು ಮಾಡಿ, ಒಂದು ತುದಿಗೆ ಮಾತ್ರ ಟೇಪ್ ಹಚ್ಚಿ 10 ಸೆಂ.ಮೀ.ಗೊಂದರಂತೆ ಅಂಟಿಸಿ. ಹಿಂದಿನ ಗಾಜು, ಡಿಕ್ಕಿಯ ಮೇಲ್ಮೈ, ಮುಂದಿನ ಚಕ್ರದ ಹಿಂದಿನ ಭಾಗ – ಇಷ್ಟು ಜಾಗಕ್ಕೆ ಮೊದಲು. ಪಕ್ಕದಲ್ಲಿ ಇನ್ನೊಂದು ಕಾರು ಓಡಿಸಿ 60–80 ವೇಗದಲ್ಲಿ ವಿಡಿಯೋ ಮಾಡಿಸಿ. ದಾರ ಹಿಂದಕ್ಕೆ ನೇರವಾಗಿ ಮಲಗಿದ್ದರೆ ಗಾಳಿ ಮೈಗೆ ಅಂಟಿಕೊಂಡು ಹರಿಯುತ್ತಿದೆ. ಗಿರಗಿರ ತಿರುಗುತ್ತಿದ್ದರೆ ಅಥವಾ ಮುಂದಕ್ಕೆ ಮಡಚಿಕೊಂಡಿದ್ದರೆ ಅಲ್ಲಿ ಗಾಳಿ ಕಿತ್ತುಕೊಂಡು ಸುಳಿಯಾಗಿದೆ. ಆ ಸುಳಿಯೊಳಗೆ ನೆಟ್ಟ ಸ್ಪಾಯ್ಲರಾಗಲಿ ವಿಂಗಾಗಲಿ ಹೆಚ್ಚು ಕೆಲಸ ಮಾಡುವುದಿಲ್ಲ.

ಲೆವೆಲ್ ಪೈಪಿನ ಬಳಕೆಯನ್ನು ರಾಯಚೂರಿನವರ ಪ್ರಶ್ನೆಯಲ್ಲಿ ಹೇಳಿದ್ದೇವೆ. ಅಲ್ಲೇ ಅದು ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ರಾಯಚೂರಿನ ಬಿಸಿಲು ಗೊತ್ತಲ್ಲ. ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹೊಡೆದರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಬಾನೆಟ್ ಹಿಂಜಿಗೆ ವಾಷರ್ ಇಟ್ಟು ಹಿಂಬದಿಯನ್ನು ಒಂದಿಂಚು ಎತ್ತಿಸಿದೆವು. ನಿಂತಾಗ ಬಿಸಿ ಹೊರಗೆ ಬರುವುದು ಕೈಗೆ ಗೊತ್ತಾಗುತ್ತದೆ, ಆದರೆ ಓಡುವಾಗ ಫರಕಿಲ್ಲ.
– ರಾಯಚೂರಿನ ಓದುಗರು

ಉತ್ತರ: ನಿಂತಾಗ ಬಿಸಿಗಾಳಿ ತಾನಾಗಿ ಮೇಲೇರುತ್ತದೆ, ನಿಮ್ಮ ಕೈಗೆ ತಾಗಿದ್ದು ಅದು. ಓಡುವಾಗ ಕಥೆ ಬೇರೆ. ಬಾನೆಟ್ ಮೇಲೆ ಜಾರಿ ಬಂದ ಗಾಳಿ ಮುಂದಿನ ಗಾಜಿನ ಬುಡಕ್ಕೆ ಬಂದು ಅಡ್ಡ ಸಿಕ್ಕಿ ಒತ್ತುತ್ತದೆ. ಅದು ಹೆಚ್ಚು ಒತ್ತಡದ ಜಾಗ. ಕಾರಿನೊಳಗಿನ ಫ್ಯಾನಿಗೆ ಗಾಳಿ ತೆಗೆದುಕೊಳ್ಳುವ ಜಾಲರಿಯನ್ನು ಕಂಪನಿಗಳು ಅಲ್ಲೇ ಇಡುವುದು ಇದೇ ಕಾರಣಕ್ಕೆ. ನೀವು ಅಲ್ಲಿ ಬಾಯಿ ತೆರೆದರೆ ಗಾಳಿ ಹೊರಗೆ ಬರುವ ಬದಲು ಒಳಗೆ ನುಗ್ಗುತ್ತದೆ. ರೇಡಿಯೇಟರಿನ ಹಿಂದೆ ಒತ್ತಡ ಹೆಚ್ಚಾಗಿ, ಎದುರಿನಿಂದ ಬರುವ ಗಾಳಿಯೂ ನಿಧಾನವಾಗುತ್ತದೆ. ವಾಷರ್ ತೆಗೆದು ಬಾನೆಟ್ ಮೊದಲಿನಂತೆ ಕೂರಿಸಿ.

ಕೆಲಸ ಶುರು ಮಾಡಬೇಕಾದದ್ದು ರೇಡಿಯೇಟರಿನ ಮುಂದಿನಿಂದ. ಗ್ರಿಲ್ ಬಿಚ್ಚಿ ಟಾರ್ಚ್ ಹಿಡಿದು ನೋಡಿ. ರೇಡಿಯೇಟರಿನ ಎರಡೂ ಪಕ್ಕ, ಮೇಲೆ, ಕೆಳಗೆ ಅಂಗೈ ತೂರುವಷ್ಟು ಸಂದು ಕಾಣಿಸುತ್ತದೆ. ಗಾಳಿಗೆ ರೇಡಿಯೇಟರಿನ ಜಾಲರಿಗಿಂತ ಆ ಸಂದು ಸುಲಭದ ದಾರಿ. ಅಂದರೆ ಒಳಗೆ ಬಂದ ಗಾಳಿಯಲ್ಲಿ ಒಂದು ಪಾಲು ನೀರನ್ನು ತಣಿಸದೆ ಸುಮ್ಮನೆ ಹಾದುಹೋಗಿ, ತಡೆಯನ್ನು ಮಾತ್ರ ಹೆಚ್ಚಿಸುತ್ತದೆ. ಒಂದು ಮಿ.ಮೀ. ಅಲ್ಯೂಮಿನಿಯಂ ಶೀಟು ಕತ್ತರಿಸಿ ಬಂಪರಿನ ಬಾಯಿಯಿಂದ ರೇಡಿಯೇಟರಿನ ಅಂಚಿನವರೆಗೆ ನಾಲ್ಕೂ ಕಡೆ ಗೋಡೆ ಕಟ್ಟಿಸಿ. ಶೀಟು ಬಂಪರಿಗೆ ತಾಗುವ ಕಡೆ ಬಾಗಿಲಿನ ರಬ್ಬರ್ ಬೀಡಿಂಗ್ ಕೂರಿಸಿ, ಇಲ್ಲವಾದರೆ ಅದುರಿ ಅದುರಿ ಶೀಟು ಸೀಳುತ್ತದೆ. ಚಿಕ್ಕ ಸಂದಿಗೆ ಫೋಮ್ ಪಟ್ಟಿ ಸಾಕು.

ಗೋಡೆ ಸರಿಯಾಗಿ ಕೂತರೆ ಬಂಪರಿನ ಬಾಯಿ ರೇಡಿಯೇಟರಿನ ವಿಸ್ತೀರ್ಣದ ಮೂರನೇ ಒಂದರಷ್ಟು ಇದ್ದರೂ ಸಾಕಾಗುತ್ತದೆ. 50 ಸೆಂ.ಮೀ. ಉದ್ದ, 35 ಸೆಂ.ಮೀ. ಎತ್ತರದ ರೇಡಿಯೇಟರಿಗೆ ಸುಮಾರು 580 ಚದರ ಸೆಂ.ಮೀ. ಬಾಯಿ. ಉಳಿದ ಗ್ರಿಲ್ ಮುಚ್ಚಿದರೆ ಗಾಳಿಯ ತಡೆಯೂ ಇಳಿಯುತ್ತದೆ. ಆದರೆ ನಿಮ್ಮ ಊರಿನ 42 ಡಿಗ್ರಿಯಲ್ಲಿ ಒಂದೇ ಏಟಿಗೆ ಮುಚ್ಚಬೇಡಿ. ಟೇಪ್ ಹಚ್ಚಿ ಎರಡೆರಡು ಬೆರಳು ಮುಚ್ಚುತ್ತಾ, ಪ್ರತಿ ಸಲ ಐದು ಸುತ್ತು ಓಡಿಸಿ ಮುಳ್ಳು ನೋಡಿ.

ಈಗ ಲೆವೆಲ್ ಪೈಪು. ಒಳಗಿನ ವ್ಯಾಸ ನಾಲ್ಕೈದು ಮಿ.ಮೀ. ಇರುವ ತೆಳು ಪಾರದರ್ಶಕ ಪೈಪು ಆರು ಮೀಟರ್ ತನ್ನಿ. ನಡುಭಾಗವನ್ನು ಒಂದು ಹಲಗೆಯ ಮೇಲೆ ‘ಯು’ ಆಕಾರದಲ್ಲಿ ಬಡಿದು, ಕುಂಕುಮ ಕದಡಿ ಸೋಸಿದ ನೀರನ್ನು ಅರ್ಧ ತುಂಬಿಸಿ. ಒಂದು ತುದಿ ರೇಡಿಯೇಟರಿನ ಮುಂದೆ, ಇನ್ನೊಂದು ಹಿಂದೆ. ಪೈಪಿನ ಬಾಯಿ ಗಾಳಿಗೆ ಎದುರಾಗಿರಬಾರದು, ಅಡ್ಡವಾಗಿರಬೇಕು. ಫ್ಯಾನಿನ ರೆಕ್ಕೆಗೆ ಸಿಗದಂತೆ ಕಟ್ಟಿ. 80 ಕಿ.ಮೀ. ವೇಗದಲ್ಲಿ ಗಾಳಿ ಪೂರ್ತಿ ನಿಂತರೆ ಹುಟ್ಟುವ ಒತ್ತಡ ನೀರಿನ ಮಟ್ಟದಲ್ಲಿ ಬರೀ 27 ಮಿ.ಮೀ., ಆದ್ದರಿಂದ ರೇಡಿಯೇಟರಿನ ಹಿಂದುಮುಂದಿನ ವ್ಯತ್ಯಾಸ ಅದಕ್ಕಿಂತ ಕಡಿಮೆಯೇ ಇರುತ್ತದೆ. ಓದಲು ಕಷ್ಟವಾದರೆ ಹಲಗೆಯನ್ನು ಐದಕ್ಕೆ ಒಂದರಷ್ಟು ಎತ್ತರ ಬರುವಂತೆ ವಾಲಿಸಿ; 5 ಮಿ.ಮೀ. ವ್ಯತ್ಯಾಸ 25 ಆಗಿ ಕಾಣುತ್ತದೆ. ವಾಲು ಕಾರಿನ ಅಗಲಕ್ಕಿರಲಿ, ಉದ್ದಕ್ಕೆ ಬೇಡ. ಉದ್ದಕ್ಕಿದ್ದರೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ನೀರು ಓಲಾಡುತ್ತದೆ. ವೇಗ ಒಂದೇ ಸಮ ಇದ್ದಾಗ ಪಕ್ಕದವರು ಓದಲಿ. ಸಂದು ಮುಚ್ಚುವ ಮೊದಲು 5 ಮಿ.ಮೀ. ಇದ್ದದ್ದು ಮುಚ್ಚಿದ ಮೇಲೆ 10 ಆದರೆ, ಜಾಲರಿಯೊಳಗೆ ಹರಿಯುವ ಗಾಳಿ ಕಡಿಮೆಯೆಂದರೂ ನೂರಕ್ಕೆ 40ರಷ್ಟು ಹೆಚ್ಚಿದೆ.

ಇಷ್ಟರ ಮೇಲೂ ಬಿಸಿ ಇಳಿಯದಿದ್ದರೆ ಮಾತ್ರ ಬಾನೆಟ್‌ಗೆ ಕಿಂಡಿ. ಅದರ ಜಾಗ ರೇಡಿಯೇಟರಿನ ಬೆನ್ನಿಗೇ, ಬಾನೆಟ್‌ನ ಮುಂದಿನ ಮೂರನೇ ಒಂದು ಭಾಗದಲ್ಲಿ. ಬಂಪರಿನ ಮೂತಿ ದಾಟಿ ಮೇಲೆ ಹೊರಳುವ ಗಾಳಿ ಅಲ್ಲಿ ವೇಗವಾಗಿ ಹೋಗುವುದರಿಂದ ಒತ್ತಡ ಕಡಿಮೆ, ಒಳಗಿನ ಬಿಸಿಯನ್ನು ಅದೇ ಎಳೆದುಕೊಳ್ಳುತ್ತದೆ. ಕಿಂಡಿಯ ಮುಂದಿನ ಅಂಚಿಗೆ 10–15 ಮಿ.ಮೀ. ಎತ್ತರದ ತುಟಿ ಎಬ್ಬಿಸಿದರೆ ಎಳೆತ ಇನ್ನೂ ಹೆಚ್ಚು. ಬಾನೆಟ್ ಒಳಗಿನ ಉಕ್ಕಿನ ಪಕ್ಕೆಲುಬುಗಳನ್ನು ಮಾತ್ರ ಕತ್ತರಿಸಬೇಡಿ. ಅವನ್ನು ಕತ್ತರಿಸಿದ ಬಾನೆಟ್ ವೇಗದಲ್ಲಿ ಅದುರಿ ಲಾಕ್ ಕಿತ್ತುಕೊಳ್ಳಬಹುದು.

ಪ್ರಶ್ನೆ: ಮುಂದೆ ಸ್ಪ್ಲಿಟರ್ ಮಾಡಿಸಬೇಕಂತ ಮಾಡೀವಿ. ಯಾವ ಸಾಮಾನು, ಎಷ್ಟು ಎತ್ತರ, ಎಲ್ಲಿಗೆ ಕಟ್ಟಬೇಕು?
– ಕೊಪ್ಪಳದ ಓದುಗರು

ಉತ್ತರ: ಸ್ಪ್ಲಿಟರ್ ಅಂದರೆ ಬಂಪರಿನ ಕೆಳ ಅಂಚಿನಿಂದ ಮುಂದಕ್ಕೆ ಚಾಚಿದ ಮಟ್ಟಸ ಹಲಗೆ. ಬಂಪರಿಗೆ ಬಡಿದು ನಿಂತ ಗಾಳಿ ಹಲಗೆಯನ್ನು ಮೇಲಿನಿಂದ ಒತ್ತುತ್ತದೆ, ಕೆಳಗೆ ನುಸುಳುವ ಗಾಳಿ ವೇಗ ಪಡೆದು ಒತ್ತಡ ಕಳೆದುಕೊಳ್ಳುತ್ತದೆ. ಎರಡೂ ಸೇರಿ ಮುಂದಿನ ಚಕ್ರವನ್ನು ನೆಲಕ್ಕೆ ಒತ್ತುತ್ತವೆ. ಹಲಗೆಗೂ ಬಂಪರಿಗೂ ನಡುವೆ ಬಿರುಕಿದ್ದರೆ ಮೇಲಿನ ಒತ್ತಡ ಕೆಳಕ್ಕೆ ಸೋರುತ್ತದೆ. ಹಾಗಾಗಿ ಮೊದಲು ಬಂಪರಿನಿಂದ ಕೆಳಕ್ಕೆ ನೇರ ಇಳಿಯುವ ಗೋಡೆ, ಅಂದರೆ ಏರ್ ಡ್ಯಾಮ್, ಅದರ ಬುಡಕ್ಕೆ ಸ್ಪ್ಲಿಟರ್.

ಏರ್ ಡ್ಯಾಮಿಗೆ ನಿಮ್ಮ ಭಾಗದಲ್ಲಿ ಒಳ್ಳೆಯ ಸಾಮಾನು ಸಿಗುತ್ತದೆ: ಗಣಿಯ ಕನ್ವೇಯರ್‌ಗಳ ಪಕ್ಕಕ್ಕೆ ಕಟ್ಟುವ ಸ್ಕರ್ಟ್ ರಬ್ಬರ್. ಐದು ಮಿ.ಮೀ. ದಪ್ಪದ್ದು ಆರಿಸಿ. ಬೆಲ್ಟಿನ ತುಂಡೇ ಬೇಡ, ಒಳಗೆ ಬಟ್ಟೆಯ ಪದರವಿದ್ದು ಭಾರ, ಬಾಗುವುದೂ ಇಲ್ಲ.

ಸ್ಪ್ಲಿಟರ್‌ಗೆ ಐಎಸ್ 710 ಗುರುತಿರುವ 12 ಮಿ.ಮೀ. ಮೆರೈನ್ ಪ್ಲೈವುಡ್. ಕತ್ತರಿಸಿದ ಅಂಚುಗಳಿಗೆ ಎರಡು ಕೈ ಎಪಾಕ್ಸಿ ಹಚ್ಚದಿದ್ದರೆ ಒಂದು ಮಳೆಗೆ ಪದರ ಬಿಡುತ್ತದೆ. ಮುಂದಿನ ಅಂಚಿನ ಕೆಳಭಾಗವನ್ನು ಉಜ್ಜಿ ದುಂಡಗೆ ಮಾಡಿ. ಚೂಪು ಅಂಚಿನಲ್ಲಿ ಗಾಳಿ ಬೇಗ ಕಿತ್ತುಕೊಳ್ಳುತ್ತದೆ. ಚಾಚು 50 ಮಿ.ಮೀ. ಸಾಕು. ಹಲಗೆ ಹಿಂದಕ್ಕೆ ಮುಂದಿನ ಚಕ್ರದ ಗೂಡಿನವರೆಗಾದರೂ ಹೋಗಲಿ, ಕೆಲಸದ ದೊಡ್ಡ ಪಾಲು ನಡೆಯುವುದು ಅಲ್ಲಿ ಕೆಳಗೆ.

ಕಟ್ಟುವ ಜಾಗದಲ್ಲಿ ಹೆಚ್ಚಿನವರು ಎಡವುತ್ತಾರೆ. ಪ್ಲಾಸ್ಟಿಕ್ ಬಂಪರಿಗೆ ಸ್ಕ್ರೂ ಹೊಡೆದರೆ 140ರಲ್ಲಿ ಬಂಪರ್ ಸಮೇತ ಕೆಳಗೆ ಎಳೆದುಕೊಳ್ಳುತ್ತದೆ. 1.6 ಮೀಟರ್ ಅಗಲದ ತುಟಿಯೊಂದರ ಮೇಲೇ ಆ ವೇಗದಲ್ಲಿ ಆರೂವರೆ ಕೆ.ಜಿ. ಹತ್ತಿರ ಒತ್ತಡ ಬೀಳುತ್ತದೆ, ಕೆಳಗಿನ ಎಳೆತ ಬೇರೆ. ಹಿಂದೆ ನಾಲ್ಕು ಬೋಲ್ಟು ಕಾರಿನ ಅಡಿಯ ಉಕ್ಕಿನ ಚೌಕಟ್ಟಾದ ಸಬ್‌ಫ್ರೇಮಿಗೆ, ಮುಂದೆ ಎರಡು ಕಡ್ಡಿ ಬಂಪರಿನ ಒಳಗಿರುವ ಉಕ್ಕಿನ ಬೀಮಿಗೆ. ಕಡ್ಡಿ ಆರು ಮಿ.ಮೀ. ಇದ್ದು, ಉದ್ದ ಹೊಂದಿಸಲು ಟರ್ನ್‌ಬಕಲ್ ಇರಲಿ. ಬೋಲ್ಟಿನ ಕೆಳಗೆ 30 ಮಿ.ಮೀ. ಅಗಲದ ವಾಷರ್ ಹಾಕದಿದ್ದರೆ ಪ್ಲೈವುಡ್ಡನ್ನು ಕೊರೆದುಕೊಂಡು ಹೋಗುತ್ತದೆ. ಕಟ್ಟಿ ಮುಗಿದ ಮೇಲೆ ತುಟಿಯ ನಡುಮಧ್ಯೆ 25 ಕೆ.ಜಿ. ಸೋನಾಮಸೂರಿ ಚೀಲ ಇಡಿ. ಐದು ಮಿ.ಮೀ.ಗಿಂತ ಹೆಚ್ಚು ಬಾಗಿದರೆ ಇನ್ನೊಂದು ಕಡ್ಡಿ ಬೇಕು.

ಎತ್ತರ ನೆಲದಿಂದ 90 ಮಿ.ಮೀ. ಬ್ರೇಕ್ ಒತ್ತಿದಾಗ ಮೂತಿ 25–30 ಮಿ.ಮೀ. ಕುಸಿಯುತ್ತದೆ. ಆ ಕುಸಿತವನ್ನು ಲೆಕ್ಕಕ್ಕೆ ಹಿಡಿಯದೆ ತೀರಾ ಕೆಳಗಿಟ್ಟರೆ ಹಲಗೆಯ ಅಡಿ ಗಾಳಿ ನುಸುಳಲು ಜಾಗ ಸಾಲದೆ, ಇದ್ದ ಹಿಡಿತ ತಿರುವಿನ ಬಾಯಲ್ಲೇ ಹೊರಟುಹೋಗುತ್ತದೆ. ಕಾರಿನ ಮೂತಿ ಹಿಂಬದಿಗಿಂತ 10–15 ಮಿ.ಮೀ. ತಗ್ಗಿರಲಿ, ಮೂತಿ ಎತ್ತಿಕೊಂಡು ಓಡುವ ಕಾರಿನ ಅಡಿಗೆ ಗಾಳಿ ನುಗ್ಗಿ ಎತ್ತುತ್ತದೆ.

ಒಂದು ಎಚ್ಚರಿಕೆ. ಮುಂದೆ ಮಾತ್ರ ಹಿಡಿತ ಹೆಚ್ಚಿಸಿ ಹಿಂದೆ ಏನೂ ಮಾಡದಿದ್ದರೆ ವೇಗದ ತಿರುವಿನಲ್ಲಿ ಹಿಂಬದಿ ಜಾರುತ್ತದೆ. ಸ್ಪ್ಲಿಟರ್ ಹಾಕಿದ ದಿನವೇ ಹಿಂದಿನ ಸ್ಪಾಯ್ಲರ್ ಕೂಡ ಹಾಕಿ, ಮೊದಲ ಸುತ್ತುಗಳನ್ನು ನಿಧಾನವಾಗಿ ಹೊಡೆಯಿರಿ.

ಪ್ರಶ್ನೆ: ನಮ್ಮದು ಸೆಡಾನ್. 120 ದಾಟಿದರೆ ಹಿಂಬದಿ ಹಗುರಾದಂತೆ, ತೇಲಿದಂತೆ ಆಗುತ್ತದೆ. ಡಿಕ್ಕಿಗೆ ವಿಂಗ್ ಹಾಕಿದರೆ ಸರಿಹೋಗುತ್ತದೆಯೇ?
– ಗಂಗಾವತಿಯ ಓದುಗರು

ಉತ್ತರ: ಮೊದಲು ಒಂದು ಪರೀಕ್ಷೆ. 60ರ ನಿಧಾನ ತಿರುವಿನಲ್ಲೂ ಹಿಂಬದಿ ಜಾರುತ್ತದೆಯೇ? ಹೌದಾದರೆ ದೋಷ ಗಾಳಿಯದಲ್ಲ. ಟೈರ್ ಒತ್ತಡ, ಸವೆದ ಬುಷ್, ಹಿಂದಿನ ಚಕ್ರದ ಅಲೈನ್‌ಮೆಂಟ್ ನೋಡಿಸಿ. ನಿಧಾನ ತಿರುವಿನಲ್ಲಿ ಗಟ್ಟಿಯಾಗಿದ್ದು ವೇಗದ ತಿರುವಿನಲ್ಲಿ ಮಾತ್ರ ತೇಲಿದರೆ ಗಾಳಿಯದೇ ಕೆಲಸ. ಚಾವಣಿ ದಾಟಿ ಹಿಂದಿನ ಗಾಜಿನ ಮೇಲೆ ಇಳಿಯುವಾಗ ಗಾಳಿ ವೇಗ ಪಡೆದು ಡಿಕ್ಕಿಯನ್ನು ಮೇಲಕ್ಕೆ ಎಳೆಯುತ್ತದೆ.

ವಿಂಗಿಗೆ ಮುಂಚೆ ಸ್ಪಾಯ್ಲರ್. ಎರಡು ಮಿ.ಮೀ. ಅಲ್ಯೂಮಿನಿಯಂ ಶೀಟಿನ 50 ಮಿ.ಮೀ. ಎತ್ತರದ ಪಟ್ಟಿಯನ್ನು ಡಿಕ್ಕಿಯ ಕೊನೆಯ ಅಂಚಿಗೆ, ಮಟ್ಟದಿಂದ 60–70 ಡಿಗ್ರಿ ಎದ್ದು ನಿಲ್ಲುವಂತೆ ಕೂರಿಸಿ. ಅದರ ಮುಂದೆ ಗಾಳಿ ತುಸು ನಿಂತು ಡಿಕ್ಕಿಯ ಮೇಲೆ ಒತ್ತಡ ಹೆಚ್ಚುತ್ತದೆ, ಎತ್ತುವ ಬಲ ಇಳಿಯುತ್ತದೆ. ಬಹಳ ಕಾರುಗಳಿಗೆ ಇಷ್ಟೇ ಸಾಕು.

ವಿಂಗೇ ಬೇಕಾದರೆ ಅದನ್ನು ಡಿಕ್ಕಿಗೆ ಅಂಟಿದಂತೆ ಇಡಬೇಡಿ. ಗಾಜಿನ ಹಿಂದಿನ ಗಾಳಿ ಕದಡಿರುತ್ತದೆ. ಉದ್ದ ಕಡ್ಡಿಗೆ ಹತ್ತು ಸೆಂ.ಮೀ.ಗೊಂದು ಉಲನ್ ದಾರ ಕಟ್ಟಿ ಡಿಕ್ಕಿಯ ಮೇಲೆ ನೆಟ್ಟಗೆ ನಿಲ್ಲಿಸಿ ಓಡಿಸಿದರೆ ಯಾವ ಎತ್ತರದಿಂದ ದಾರ ನೇರವಾಗಿ ಹಾರುತ್ತದೆ ಎಂದು ಕಾಣುತ್ತದೆ. ವಿಂಗ್ ಅಲ್ಲಿಗೆ ಬರಬೇಕು. ಸಾಮಾನ್ಯವಾಗಿ ಅದು ಚಾವಣಿಯ ಮಟ್ಟಕ್ಕೆ ಹತ್ತಿರ. ಅದೇ ದಾರ ಗಾಳಿಯ ವಾಲನ್ನೂ ತೋರಿಸುತ್ತದೆ: ಚಾವಣಿಯಿಂದ ಇಳಿದ ಗಾಳಿ ಕೆಳಮುಖವಾಗಿ ಬರುವುದರಿಂದ, ನೆಲಕ್ಕೆ ಮಟ್ಟಸವಾಗಿ ಇಟ್ಟ ವಿಂಗಿಗೂ ಆಗಲೇ ಕೆಲವು ಡಿಗ್ರಿ ಕೋನ ಸಿಕ್ಕಿರುತ್ತದೆ. ಸೊನ್ನೆಯಿಂದ ಶುರು ಮಾಡಿ, ಒಂದೆರಡು ಡಿಗ್ರಿ ಏರಿಸುತ್ತಾ ಹೋಗಿ. ಗಾಳಿಯ ಲೆಕ್ಕದಲ್ಲಿ 12–15 ಡಿಗ್ರಿ ದಾಟಿದರೆ ವಿಂಗಿನ ಅಡಿಯ ಗಾಳಿ ಕಿತ್ತುಕೊಂಡು ಒತ್ತಡ ಬಿದ್ದುಹೋಗುತ್ತದೆ, ತಡೆ ಮಾತ್ರ ಉಳಿಯುತ್ತದೆ. ನೆಟ್ಟಗೆ ನಿಲ್ಲಿಸಿದಷ್ಟೂ ಒಳ್ಳೆಯದು ಎಂಬ ನಂಬಿಕೆಗೆ ಆಧಾರವಿಲ್ಲ. ಹಿಂದಿನ ಅಂಚಿಗೆ ನಾಲ್ಕೈದು ಮಿ.ಮೀ. ಎತ್ತರದ ‘ಎಲ್’ ಪಟ್ಟಿ, ಅಂದರೆ ಗರ್ನಿ ಪಟ್ಟಿ, ಹಚ್ಚುವುದು ಕೋನ ಏರಿಸುವುದಕ್ಕಿಂತ ಹಲವು ಸಲ ಹೆಚ್ಚು ಫಲ ಕೊಡುತ್ತದೆ.

ಒಂದು ಲೆಕ್ಕ ಮರೆಯಬೇಡಿ. ಮೊದಲು ಹೇಳಿದ ಅಳತೆಯ ವಿಂಗ್ 120ರಲ್ಲಿ ಸುಮಾರು 18 ಕೆ.ಜಿ. ಒತ್ತುತ್ತದೆ. ಅದು ಹಿಂದಿನ ಚಕ್ರದಿಂದ 80 ಸೆಂ.ಮೀ. ಆಚೆ ಇದ್ದು ಚಕ್ರಗಳ ನಡುವಿನ ಅಂತರ 2.4 ಮೀಟರ್ ಇದ್ದರೆ, ಏತದ ಹಾಗೆ ಮೂತಿಯನ್ನು ಎತ್ತುತ್ತದೆ. ಹಿಂದಿನ ಚಕ್ರಕ್ಕೆ 24 ಕೆ.ಜಿ. ಸಿಕ್ಕಿ ಮುಂದಿನ ಚಕ್ರ ಆರು ಕೆ.ಜಿ. ಕಳೆದುಕೊಳ್ಳುತ್ತದೆ. ಮುಂಚಕ್ರ ಎಳೆಯುವ ಕಾರಿನಲ್ಲಿ ಇದು ಸಣ್ಣ ಮಾತಲ್ಲ. ಕಾಲುಗಳ ಕೆಳಗೆ, ಡಿಕ್ಕಿಯ ಒಳಮೈಗೆ 100 ಮಿ.ಮೀ. ಚೌಕದ ಮೂರು ಮಿ.ಮೀ. ಪ್ಲೇಟು, ಎಂಟು ಮಿ.ಮೀ. ಬೋಲ್ಟು, ಅದುರಿದರೂ ಸಡಿಲಾಗದ ನೈಲಾಕ್ ನಟ್ಟು ಕಡ್ಡಾಯ. ಬರೀ ಶೀಟಿಗೆ ಬಿಗಿದ ವಿಂಗ್ ಅದುರುತ್ತಾ ತೂತನ್ನು ಅಗಲಿಸಿಕೊಂಡು ಒಂದು ದಿನ ಹಿಂದಿನ ಕಾರಿನ ಗಾಜಿಗೆ ಹೋಗಿ ಬೀಳುತ್ತದೆ.

ಪ್ರಶ್ನೆ: ಕಾರಿನ ಅಡಿಗೆ ಎಸಿಪಿ ಶೀಟು ಹೊಡೆದು ಸಪಾಟು ಮಾಡಬಹುದೇ? ಬೋರ್ಡ್ ಬರೆಯುವ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ.
– ಕುಷ್ಟಗಿಯ ಓದುಗರು

ಉತ್ತರ: ಮಾಡಬಹುದು, ಸೈಲೆನ್ಸರ್ ಪೈಪಿನ ಹತ್ತಿರ ಮಾತ್ರ ಬೇಡ. ಎಸಿಪಿ ಅಂದರೆ ಎರಡು ತೆಳು ಅಲ್ಯೂಮಿನಿಯಂ ಹಾಳೆಯ ನಡುವೆ ಪ್ಲಾಸ್ಟಿಕ್. ಸಾದಾ ಶೀಟಿನ ಆ ಪ್ಲಾಸ್ಟಿಕ್ ನೂರು ಡಿಗ್ರಿ ದಾಟುತ್ತಿದ್ದಂತೆ ಮೆತ್ತಗಾಗುತ್ತದೆ, ಬೆಂಕಿ ತಾಗಿದರೆ ಉರಿಯುತ್ತದೆ. ಎಕ್ಸಾಸ್ಟ್ ಹಾದುಹೋಗುವ ಸುರಂಗವನ್ನು ತೆರೆದೇ ಬಿಡಿ, ಅಥವಾ ಅಲ್ಲಿಗೆ ಒಂದು ಮಿ.ಮೀ. ಬರೀ ಅಲ್ಯೂಮಿನಿಯಂ ಹಾಕಿ. ಎಸಿಪಿಗೂ ಪೈಪಿಗೂ ಎಂಟು ಸೆಂ.ಮೀ. ಅಂತರ ಇರಲೇಬೇಕು. ಪೆಟ್ರೋಲ್ ಅಥವಾ ಆಯಿಲ್ ಸೋರಿದರೆ ನಿಲ್ಲದಂತೆ ತಗ್ಗಿನ ಕಡೆ 10 ಮಿ.ಮೀ. ತೂತುಗಳನ್ನು ಬಿಡಿ.

ಶೀಟು ಜೋಡಿಸುವಾಗ ಮಂಗಳೂರು ಹೆಂಚು ಹೊದಿಸುವ ಕ್ರಮ ನೆನಪಿಡಿ: ಮುಂದಿನ ಶೀಟಿನ ಬಾಲ ಹಿಂದಿನ ಶೀಟಿನ ತಲೆಯನ್ನು ಕೆಳಗಿನಿಂದ ಮುಚ್ಚಬೇಕು. ಉಲ್ಟಾ ಆದರೆ ಗಾಳಿ ಅಂಚಿಗೆ ಸಿಕ್ಕಿ ಶೀಟನ್ನೇ ಸುಲಿದು ಹಾಕುತ್ತದೆ. ಆರು ಮಿ.ಮೀ. ಬೋಲ್ಟು, 25 ಮಿ.ಮೀ. ವಾಷರ್, 20 ಸೆಂ.ಮೀ.ಗೊಂದು. ಹಿಂದೆ ಡಿಫ್ಯೂಸರ್, ಅಂದರೆ ಬಾಲದ ಕಡೆಗೆ ಮೇಲೇರುವ ಅಡಿಹಲಗೆ, ಎಬ್ಬಿಸುವುದಾದರೆ ಏರು 7ರಿಂದ 10 ಡಿಗ್ರಿ ಒಳಗಿರಲಿ. ಹಿಂದಿನ ಬಂಪರಿನ ಒಳಗೆ ಗಾಳಿ ತುಂಬಿ ಚೀಲದ ಹಾಗೆ ಹಿಡಿದೆಳೆಯುತ್ತದೆ; ಅಡಿಯ ಶೀಟನ್ನು ಬಂಪರಿನ ಕೆಳ ಅಂಚಿನವರೆಗೂ ಒಯ್ದು ಆ ಬಾಯಿ ಮುಚ್ಚಿ.

ಪ್ರಶ್ನೆ: ಬಾನೆಟ್ ಮೇಲೆ ಸ್ಕೂಪ್ ಇಟ್ಟು ಎಂಜಿನ್ನಿಗೆ ಗಾಳಿ ನುಗ್ಗಿಸಿದರೆ ಶಕ್ತಿ ಹೆಚ್ಚುತ್ತದೆಯೇ? ನಮ್ಮಲ್ಲಿ ಕೆಂಧೂಳಿನ ಕಾಟ ಬೇರೆ.
– ಸಂಡೂರಿನ ಓದುಗರು

ಉತ್ತರ: ನುಗ್ಗಿಸುವುದರಿಂದ ಸಿಗುವುದು ಅತ್ಯಲ್ಪ. 140ರಲ್ಲಿ ಕೂಡ ಆ ಒತ್ತಡ ವಾತಾವರಣದ ಒತ್ತಡದ ನೂರಕ್ಕೆ ಒಂದು ಪಾಲೂ ಇಲ್ಲ. ತಣ್ಣನೆ ಗಾಳಿ ಕೊಟ್ಟರೆ ಲಾಭ ಇದೆ. ಬಾನೆಟ್ ಒಳಗಿನ 65 ಡಿಗ್ರಿ ಗಾಳಿಯ ಬದಲು ಹೊರಗಿನ 40ರದ್ದು ಸಿಕ್ಕರೆ ಗಾಳಿ ನೂರಕ್ಕೆ ಎಂಟರಷ್ಟು ದಟ್ಟ. ಗ್ರಿಲ್ಲಿನ ಮೇಲಿನ ಮೂಲೆಯಿಂದ 75 ಮಿ.ಮೀ. ಪೈಪು ಎಳೆದು ಫಿಲ್ಟರ್ ಡಬ್ಬಿಗೆ ಕೊಡಿ. ಬಂಪರಿನ ಕೆಳಗಿನಿಂದ ತೆಗೆದುಕೊಳ್ಳಬೇಡಿ, ಅದಿರಿನ ಧೂಳೆಲ್ಲ ಅಲ್ಲೇ ಏಳುವುದು. ಕಂಪನಿಯ ಡಬ್ಬಿ, ಕಾಗದದ ಫಿಲ್ಟರ್ ಹಾಗೇ ಇರಲಿ. ಪ್ರತಿ ಓಟದ ಬಳಿಕ ಫಿಲ್ಟರ್ ದಾಟಿದ ಮೇಲಿನ ಪೈಪಿನೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ ನೋಡಿ. ಬಟ್ಟೆ ಕೆಂಪಾದರೆ ಎಲ್ಲೋ ಜೋಡಣೆ ಬಾಯಿಬಿಟ್ಟಿದೆ. ಪಿಸ್ಟನ್ ರಿಂಗ್ ಸವೆಯುವ ಮುಂಚೆ ಹುಡುಕಿ.

ಪ್ರಶ್ನೆ: ಟಿವಿಯಲ್ಲಿ ಅಮೆರಿಕದ ಸ್ಟಾಕ್ ಕಾರ್ ರೇಸ್ ನೋಡುವಾಗ, ಕಾರು ಗಿರಕಿ ಹೊಡೆದಾಗ ಚಾವಣಿಯ ಮೇಲೆ ಎರಡು ಮುಚ್ಚಳ ತಾವಾಗಿ ಏಳುತ್ತವೆ. ಏನದು?
– ಮಾನ್ವಿಯ ಓದುಗರು

ಉತ್ತರ: ರೂಫ್ ಫ್ಲಾಪ್. ನ್ಯಾಸ್‌ಕಾರ್ ಎಂಬ, ಆ ರೇಸುಗಳನ್ನು ನಡೆಸುವ ಸಂಸ್ಥೆ 1994ರಿಂದ ಬಳಸುತ್ತಿದೆ. ಮುಂದಕ್ಕೆ ಓಡುವಾಗ ನೆಲಕ್ಕೆ ಕಚ್ಚಿಕೊಂಡಿರುವ ಕಾರು, ತಿರುಗಿ ಹಿಂದುಮುಂದಾಗಿ ಜಾರಿದರೆ ವಿಮಾನದ ರೆಕ್ಕೆಯಂತೆ ಮೇಲೇಳುತ್ತದೆ. ಆಗ ಚಾವಣಿಯ ಮೇಲೆ ಒತ್ತಡ ಕುಸಿದು ಆ ಎಳೆತವೇ ಮುಚ್ಚಳಗಳನ್ನು ಎಬ್ಬಿಸುತ್ತದೆ. ಎದ್ದ ಮುಚ್ಚಳ ಗಾಳಿಯ ಹರಿವನ್ನು ಒಡೆದು, ಕಾರನ್ನು ಎತ್ತುವ ಬಲವನ್ನು ಕೊಲ್ಲುತ್ತದೆ.

ಸ್ಟಾಕ್ ಕಾರಿನ ಗಾಳಿಯ ಕೆಲಸದಲ್ಲಿ ಆ ರೇಸಿನದ್ದು ದೊಡ್ಡ ಚರಿತ್ರೆ. 1969ರ ಡಾಜ್ ಚಾರ್ಜರ್ ಡೇಟೋನಾಕ್ಕೆ ಚೂಪು ಮೂತಿ ಮತ್ತು 23 ಇಂಚು ಎತ್ತರದ ಹಿಂಬದಿ ವಿಂಗ್ ಇತ್ತು. 1970ರ ಮಾರ್ಚಿನಲ್ಲಿ ಟಲಡೀಗಾ ಟ್ರ್ಯಾಕಿನಲ್ಲಿ ಬಡ್ಡಿ ಬೇಕರ್ ಅದೇ ಮಾದರಿಯಲ್ಲಿ ಗಂಟೆಗೆ 200 ಮೈಲಿ ದಾಟಿದರು. ಎಂಜಿನ್ನನ್ನು ಹಿಗ್ಗಿಸದೆ ಮೂತಿ–ಬಾಲಗಳ ತಿದ್ದುಪಡಿಯಿಂದಲೇ ಕಾರು ಎಷ್ಟು ಬದಲಾಗಬಹುದು ಎಂಬುದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ಅಪರೂಪ.

ಪ್ರಶ್ನೆ: ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಕಂಪ್ಯೂಟರಿನಲ್ಲೇ ಗಾಳಿಯ ಹರಿವು ಲೆಕ್ಕ ಹಾಕಲು ಉಚಿತ ಸಾಫ್ಟ್‌ವೇರ್ ಇದೆಯೇ?
– ಬಳ್ಳಾರಿಯ ವಿದ್ಯಾರ್ಥಿಗಳು

ಉತ್ತರ: ಓಪನ್‌ಫೋಮ್ ಇದೆ. ಅದರ ಜತೆಗೇ ಬರುವ ಮೋಟಾರ್‌ಬೈಕ್ ಉದಾಹರಣೆಯಿಂದ ಶುರು ಮಾಡಿ, ನಿಮ್ಮ ಕಾರಿನ ಆಕಾರವನ್ನು ಅದರ ಜಾಗಕ್ಕೆ ಸೇರಿಸಿ. ನೆಲ ಚಲಿಸಬೇಕು, ಚಕ್ರ ತಿರುಗಬೇಕು. ಇವೆರಡನ್ನು ಬಿಟ್ಟರೆ ಸ್ಪ್ಲಿಟರ್ ಕೆಳಗಿನ ಉತ್ತರ ಸುಳ್ಳಾಗುತ್ತದೆ. ಬಂದ ಅಂಕಿಯನ್ನು ಹಾಗೇ ನಂಬದೆ, ಎರಡು ವಿನ್ಯಾಸಗಳ ನಡುವಿನ ವ್ಯತ್ಯಾಸ ನೋಡಲು ಬಳಸಿ. ಆಮೇಲೆ ಉಲನ್ ದಾರದ ವಿಡಿಯೋ ಜತೆ ಹೋಲಿಸಿ.

ಪ್ರಶ್ನೆ: ಇದೇ ಕಾರನ್ನು ವಾರದ ದಿನ ಊರಲ್ಲಿ ಓಡಿಸಬಹುದೇ? ಚಕ್ರಕ್ಕೆ ಸಪಾಟು ಮುಚ್ಚಳ ಹಾಕಿದರೆ ಒಳ್ಳೆಯದೇ?
– ಸಿರುಗುಪ್ಪದ ಓದುಗರು

ಉತ್ತರ: ಸ್ಪ್ಲಿಟರ್, ವಿಂಗ್ ಹೊತ್ತ ಕಾರನ್ನು ರಸ್ತೆಗೆ ತರಬೇಡಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಕಾನೂನಿನಾಚೆಗೂ, ಪಾದಚಾರಿಯ ಮೊಣಕಾಲಿನ ಕೆಳಗೆ ಪ್ಲೈವುಡ್ಡಿನ ಅಂಚು ಇಟ್ಟುಕೊಂಡು ಊರೊಳಗೆ ಓಡಾಡುವುದು ತಪ್ಪು. ಬಿಚ್ಚಿ ಹಾಕಲು ಬರುವಂತೆ ಬೋಲ್ಟು ಕಟ್ಟಿ, ಟ್ರ್ಯಾಕಿನಲ್ಲೇ ಜೋಡಿಸಿ. ಟ್ರ್ಯಾಕಿನಲ್ಲೂ ಬಾಡಿಗೆ ಕತ್ತರಿ ಹಾಕುವ ಮುಂಚೆ ನಿಮ್ಮ ವರ್ಗದ ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಕ್ರೀಡಾ ಕ್ಲಬ್ಬುಗಳ ಒಕ್ಕೂಟ) ನಿಯಮ ಓದಿಕೊಳ್ಳಿ.

ಮುಚ್ಚಳ ಗಾಳಿಯ ತಡೆ ಇಳಿಸುತ್ತದೆ ನಿಜ, ಆದರೆ ಬ್ರೇಕಿನ ಬಿಸಿ ಹೊರಹೋಗುವ ಬಾಗಿಲನ್ನೂ ಮುಚ್ಚುತ್ತದೆ. ಡಾಟ್ 4 ಬ್ರೇಕ್ ಆಯಿಲ್ ಹೊಸದಿದ್ದಾಗ ಕಡಿಮೆಯೆಂದರೂ 230 ಡಿಗ್ರಿಯವರೆಗೆ ಕುದಿಯದು. ತೇವ ಹೀರಿ ಹಳತಾದಾಗ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಬೇಕಾದರೆ ಹಿಂದಿನ ಚಕ್ರಕ್ಕೆ ಮಾತ್ರ ಹಾಕಿ. ಬ್ರೇಕಿನ ಹೆಚ್ಚಿನ ಕೆಲಸ ಮುಂದಿನ ಚಕ್ರದ್ದೇ. ಆಯಿಲನ್ನು ರೇಸಿನ ಹಿಂದಿನ ವಾರ ಬದಲಿಸಿ, ಡಬ್ಬಿ ಒಡೆದ ದಿನವೇ ಬಳಸಿ, ಮಿಕ್ಕಿದ್ದನ್ನು ಮುಂದಿನ ರೇಸಿಗೆಂದು ಎತ್ತಿಡಬೇಡಿ.